ಸುರಂಗದ ನೀರು, ತಂತಿಯ ವೇಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿಕೊಂಡಾಗ, ಶಾಲೆಯ ಸ್ಥಾಪನೆ, ಕಟ್ಟಡ, ದಾನಿಗಳು, ವಾರ್ಷಿಕೋತ್ಸವಗಳು ಇವುಗಳ ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ಹಲವರಿದ್ದಾರೆಂದು ನನಗೆ ತೋರಿತು. ಆದುದರಿಂದ ಬೇರೊಂದು ವಿಷಯವನ್ನು ಆಯ್ದುಕೊಂಡಿದ್ದೇನೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಊರಿಗೂ ಹೊರಜಗತ್ತಿಗೂ ನಡುವೆ ಸುದ್ದಿ ಸಾಗುವ ವೇಗ ಹೇಗೆ ಬದಲಾಯಿತು, ಮುಖ್ಯವಾಗಿ ಡಯಲ್-ಅಪ್ ಮೋಡೆಮ್‌ನ ಕಾಲದಿಂದ ಇಂದಿನ ಬ್ರಾಡ್‌ಬ್ಯಾಂಡ್‌ನ ಕಾಲದವರೆಗೆ ಏನಾಯಿತು, ಗಡಿನಾಡಿನ ಒಂದು ಕನ್ನಡ ಶಾಲೆ ಅದರಿಂದ ತಿಳಿದುಕೊಳ್ಳಬೇಕಾದುದೇನು ಎಂಬುದೇ ಆ ವಿಷಯ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಅಧ್ಯಾಪಕ ತರಬೇತಿ ಪಡೆದ ನನ್ನಂಥವನಿಗೆ ಈ ವಿಷಯದಲ್ಲಿ ಅಧಿಕಾರವೇನು ಎಂದು ಕೇಳುವವರಿರಬಹುದು. ಮೂವತ್ತೆರಡು ವರ್ಷ ಗಣಿತ ಕಲಿಸಿದವನಿಗೆ ಗುಣಾಕಾರ, ಭಾಗಾಕಾರ ಬರುತ್ತದೆ. ಇದಕ್ಕೆ ಬೇಕಾದುದು ಬಹುಮಟ್ಟಿಗೆ ಅಷ್ಟೇ.

1975ರಲ್ಲಿ ಮುಳಿಹುಲ್ಲಿನ ಮಾಡಿನ ಕೆಳಗೆ ನಮ್ಮ ಶಾಲೆ ಆರಂಭವಾದಾಗ ಊರಿಗೆ ಸುದ್ದಿ ತರುತ್ತಿದ್ದವರು ಇಬ್ಬರು: ಅಂಚೆಯಣ್ಣ ಮತ್ತು ಬಸ್ಸಿನ ಕಂಡಕ್ಟರ್. ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಶುಭವಾರ್ತೆಗಾಗಿ ತಂತಿ ಕಳುಹಿಸುವಷ್ಟು ಹಣ ಯಾರಲ್ಲಿತ್ತು? ಆ ತಂತಿ ಸೇವೆಯೂ 2013ರ ಜುಲೈ ತಿಂಗಳಲ್ಲಿ ದೇಶದಾದ್ಯಂತ ನಿಂತುಹೋಯಿತು. ಮುಂಬಯಿಯಲ್ಲಿರುವ ಮಗನೊಡನೆ ಮಾತನಾಡಬೇಕಾದರೆ ಪೇಟೆಗೆ ಹೋಗಿ ಟ್ರಂಕ್ ಕಾಲ್ ಕಾದಿರಿಸಿ, ಗಂಟೆಗಟ್ಟಲೆ ಕುಳಿತು, ಕೊನೆಗೆ ಮೂರು ನಿಮಿಷ ಕೂಗಿ ಬರಬೇಕಿತ್ತು. ಎಸ್.ಟಿ.ಡಿ. ಬೂತುಗಳು ಬಂದದ್ದು ಅನಂತರ. ಈ ಸಂಚಿಕೆಯನ್ನು ಓದುವ ಎಳೆಯರಿಗೆ ಇದೆಲ್ಲ ಅಜ್ಜಿಕಥೆಯಂತೆ ಕಾಣಬಹುದು. ಆದರೆ ಇಂದಿನ ವೇಗದ ಬೆಲೆ ತಿಳಿಯಬೇಕಾದರೆ ಅಂದಿನ ಕಾಯುವಿಕೆಯ ಅಳತೆ ಗೊತ್ತಿರಬೇಕು.

ತರಗತಿಯಲ್ಲಿ ಇಂಟರ್ನೆಟ್ಟಿನ ವೇಗದ ಬಗ್ಗೆ ಹೇಳಬೇಕಾಗಿ ಬಂದಾಗ ನಾನು ಆಶ್ರಯಿಸುತ್ತಿದ್ದುದು ನಮ್ಮ ಗುಡ್ಡದ ಸುರಂಗವನ್ನು. ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಬೆರಳುಗಾತ್ರದಲ್ಲಿ ಒಸರುತ್ತದೆ. ಅಡಿಕೆಮರದ ದಂಬೆಯಲ್ಲಿ ಹರಿದು ಕೆರೆಗೆ ಬೀಳುತ್ತದೆ. ನೀರು ಓಡುವುದು ಎಷ್ಟು ಬೇಗ ಎಂಬುದು ಒಂದು ಪ್ರಶ್ನೆ, ಒಂದು ನಿಮಿಷದಲ್ಲಿ ಎಷ್ಟು ಕೊಡಪಾನ ತುಂಬುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಇಂಟರ್ನೆಟ್ಟಿನಲ್ಲಿ ನಾವು ವೇಗವೆಂದು ಕರೆಯುವುದು ಈ ಎರಡನೆಯದನ್ನು. ಅಲ್ಲಿ ನೀರಿನ ಬದಲಿಗೆ ಹರಿಯುವುದು ಬಿಟ್ಟುಗಳು, ಎಂದರೆ ಸೊನ್ನೆ ಮತ್ತು ಒಂದು. ಎಂಟು ಬಿಟ್ಟುಗಳು ಕೂಡಿದರೆ ಒಂದು ಬೈಟ್. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗಲೂ ನನ್ನನ್ನು ಕೇಳುವುದುಂಟು: "ಮಾಸ್ಟ್ರೇ, ನೂರರ ವೇಗಕ್ಕೆ ಹಣ ಕೊಡುತ್ತೇವೆ, ಕಂಪ್ಯೂಟರಿನಲ್ಲಿ ಹನ್ನೆರಡು ಎಂದು ತೋರಿಸುತ್ತದೆ, ಇದು ಮೋಸವಲ್ಲವೇ?" ಅಲ್ಲ. ವೇಗವನ್ನು ಮಾರುವವರು ಬಿಟ್ಟಿನಲ್ಲಿ ಎಣಿಸುತ್ತಾರೆ, ಕಂಪ್ಯೂಟರು ಕಡತವನ್ನು ಬೈಟಿನಲ್ಲಿ ಅಳೆಯುತ್ತದೆ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಸೇರಿನ ಲೆಕ್ಕವನ್ನು ಕಿಲೋದ ಲೆಕ್ಕದೊಡನೆ ಬೆರೆಸಬಾರದೆಂದು ನಾಲ್ಕನೆಯ ತರಗತಿಯಲ್ಲೇ ಹೇಳಿಕೊಟ್ಟಿದ್ದೆವಲ್ಲ!

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗಿನ ಡಯಲ್-ಅಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಬಳಿಕ 14.4, 28.8, 33.6 ಎಂದು ಏರುತ್ತ 1998ರಲ್ಲಿ ರೂಪುಗೊಂಡ ವಿ.90 ಎಂಬ ಮಾನಕದೊಂದಿಗೆ ಅದು 56 ಕಿಲೋಬಿಟ್ ಮುಟ್ಟಿತು. ಮೋಡೆಮ್ ಎಂಬ ಪೆಟ್ಟಿಗೆಯ ಕೆಲಸ ಬಿಟ್ಟುಗಳನ್ನು ದನಿಯಾಗಿ ಪರಿವರ್ತಿಸಿ ದೂರವಾಣಿಯ ತಂತಿಗೆ ಕೊಡುವುದು, ಆ ಕಡೆಯಿಂದ ಬಂದ ದನಿಯನ್ನು ಮತ್ತೆ ಬಿಟ್ಟುಗಳಾಗಿ ಬಿಡಿಸುವುದು. ಸಂಪರ್ಕ ಕೂಡುವಾಗ ಕೇಳಿಸುತ್ತಿದ್ದ ಆ ಕಿರುಚಾಟ, ಗೊರಗೊರ ಸದ್ದು ಹಲವರಿಗೆ ನೆನಪಿರಬಹುದು. ಅದು ವ್ಯರ್ಥವಾದ ಸದ್ದಲ್ಲ. ಎರಡು ಕಡೆಯ ಮೋಡೆಮ್‌ಗಳು ತಂತಿಯ ಗುಣವನ್ನು ಪರೀಕ್ಷಿಸಿ, ಇಬ್ಬರಿಗೂ ಸಾಧ್ಯವಾಗುವ ವೇಗ ಯಾವುದೆಂದು ನಿಶ್ಚಯಿಸಿಕೊಳ್ಳುತ್ತಿದ್ದ ಸಂಭಾಷಣೆ ಅದು. ವೇಗವಾಗಿ ಓಡಬಲ್ಲ ಮೋಡೆಮ್ ನಿಧಾನದ್ದಕ್ಕಾಗಿ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತಿತ್ತು. ಒಳ್ಳೆಯ ಅಧ್ಯಾಪಕನೂ ಮಾಡಬೇಕಾದುದು ಅದನ್ನೇ ಎಂದು ನಾನು ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ.

ಆ ಕಾಲದ ಒಂದು ಪ್ರಸಂಗವನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ. 1999ರ ಮಳೆಗಾಲ. ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮುಂದೆ ಕಲಿತು ಕೊಲ್ಲಿ ರಾಷ್ಟ್ರಕ್ಕೆ ಹೋಗಿದ್ದ ಹುಡುಗನೊಬ್ಬನಿಗೆ ಅಲ್ಲಿ ಗಂಡುಮಗು ಹುಟ್ಟಿತು. ಅವನು ಮಗುವಿನ ಭಾವಚಿತ್ರವನ್ನು ಈ-ಮೇಲ್ ಮೂಲಕ ಕಳುಹಿಸುವುದಾಗಿಯೂ, ಅಮ್ಮನನ್ನು ಪೇಟೆಗೆ ಕರೆದೊಯ್ದು ತೋರಿಸಬೇಕೆಂದೂ ನನಗೆ ದೂರವಾಣಿಯಲ್ಲಿ ಹೇಳಿದ. ಆಕೆಯ ಯಜಮಾನರು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಒಂದು ಶನಿವಾರ ನಾವಿಬ್ಬರೂ ಕಾಸರಗೋಡು ಪೇಟೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಹುಡುಗ ನಂಬರು ತಿರುಗಿಸಿ, ಮೋಡೆಮ್ ಕಿರುಚಿ, ಚಿತ್ರ ಇಳಿಯತೊಡಗಿತು. ಚಿತ್ರ ಸುಮಾರು 600 ಕಿಲೋಬೈಟ್ ಇತ್ತೆಂದು ಅವನು ಹೇಳಿದ. ಎಂದರೆ 4,800 ಕಿಲೋಬಿಟ್. 28.8ರ ವೇಗದಲ್ಲಿ ಎಲ್ಲವೂ ಸರಿಯಾಗಿದ್ದರೆ 167 ಸೆಕೆಂಡು.

ಇಂದಿನವರು ಆ ನೋಟವನ್ನು ಕಂಡಿರಲಾರರು. ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ, ಚಾಪೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತಿತ್ತು. ಮೊದಲು ತೊಟ್ಟಿಲಿನ ಬಟ್ಟೆ, ಆಮೇಲೆ ಕೂದಲು, ಹಣೆ, ಹುಬ್ಬು, ಕಣ್ಣು. ಅಷ್ಟರಲ್ಲಿ ಹೊರಗೆ ಗುಡುಗಿತು, ಸಂಪರ್ಕ ಕಡಿಯಿತು. ಅರ್ಧ ಮುಖ ಪರದೆಯ ಮೇಲೆ ಹಾಗೆಯೇ ನಿಂತಿತು. ಆ ತಾಯಿ ಪರದೆಯಿಂದ ಕಣ್ಣು ತೆಗೆಯದೆ ತುಳುವಿನಲ್ಲಿ ಹೇಳಿದರು: "ಕಣ್ಣಿನವರೆಗೆ ಬಂತು ಮಾಸ್ಟ್ರೇ. ಮೂಗು ಯಾರ ಹಾಗೆಂದು ನೋಡಬೇಕಿತ್ತು."

ಮಳೆ ನಿಲ್ಲುವವರೆಗೆ ಕಾದೆವು. ಮತ್ತೆ ನಂಬರು, ಮತ್ತೆ ಕಿರುಚಾಟ, ಮತ್ತೆ ತೊಟ್ಟಿಲಿನ ಬಟ್ಟೆಯಿಂದಲೇ ಆರಂಭ. ಈ ಬಾರಿ ಮೂಗೂ ಬಂತು, ಬಾಯಿಯೂ ಬಂತು. "ಅಜ್ಜನ ಮೂಗೇ," ಎಂದರು. ಬೇರೇನೂ ಹೇಳಲಿಲ್ಲ. ಹುಡುಗ ಕಪ್ಪು ಬಿಳುಪಿನಲ್ಲಿ ಮುದ್ರಿಸಿಕೊಟ್ಟ ಕಾಗದವನ್ನು ನಾಲ್ಕಾಗಿ ಮಡಚಿ ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಇಂದು 100 ಮೆಗಾಬಿಟ್ ಸಂಪರ್ಕದಲ್ಲಿ ಅದೇ ಚಿತ್ರ ಇಳಿಯಲು ಬೇಕಾದುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ರೆಪ್ಪೆ ಮುಚ್ಚಿ ತೆರೆಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ವೇಗದ ಅನುಪಾತ ಸುಮಾರು ಮೂರು ಸಾವಿರದ ನಾನೂರ ಎಪ್ಪತ್ತು ಪಟ್ಟು.

ಇಷ್ಟೊಂದು ವ್ಯತ್ಯಾಸ ಹೇಗೆ ಉಂಟಾಯಿತು? ನಮ್ಮಲ್ಲಿ ಅನೇಕರು ತಿಳಿದಿರುವಂತೆ ಅಂದಿನ ತಾಮ್ರದ ತಂತಿ ಅಯೋಗ್ಯವಾಗಿತ್ತೆಂದು ಅಲ್ಲ. ಇದು ನನಗೆ ತಿಳಿದಾಗ ನಾನೂ ಆಶ್ಚರ್ಯಪಟ್ಟೆ. ದೂರವಾಣಿಯ ವ್ಯವಸ್ಥೆಯನ್ನು ಕಟ್ಟಿದ್ದು ಮನುಷ್ಯರ ಮಾತಿಗಾಗಿ. ಮಾತು ಅರ್ಥವಾಗಲು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕು. ಆದುದರಿಂದ ಅದಕ್ಕೆ ಹೊರಗಿನದೆಲ್ಲವನ್ನೂ ಎಕ್ಸ್‌ಚೇಂಜ್‌ನ ಬಾಗಿಲಲ್ಲೇ ಸೋಸಿ ತಡೆಯುತ್ತಿದ್ದರು. ಡಿಜಿಟಲ್ ಎಕ್ಸ್‌ಚೇಂಜ್‌ಗಳು ಆ ಮಾತನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್ಟುಗಳಲ್ಲಿ ಬರೆಯುತ್ತಿದ್ದವು: ಒಟ್ಟು 64 ಕಿಲೋಬಿಟ್. ಆ ಬಾಗಿಲಿನ ಮೂಲಕ ಹಾಯಬೇಕಾಗಿದ್ದ ಮೋಡೆಮ್ ಎಷ್ಟೇ ಬುದ್ಧಿವಂತಿಕೆ ತೋರಿದರೂ 56ಕ್ಕಿಂತ ಮುಂದೆ ಹೋಗುವಂತಿರಲಿಲ್ಲ.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದಾಗ ಮನೆಗಳಿಗೆ ಹೊಸ ತಂತಿ ಎಳೆಯಲಿಲ್ಲ. ಅದೇ ಹಳೆಯ ತಾಮ್ರದ ಜೋಡಿ. ಮಾತಿಗೆ ಕೆಳಗಿನ 4,000 ಹರ್ಟ್ಸ್ ಬಿಟ್ಟುಕೊಟ್ಟು, ಅದಕ್ಕಿಂತ ಮೇಲೆ ಹನ್ನೊಂದು ಲಕ್ಷ ಹರ್ಟ್ಸ್‌ವರೆಗೆ ಖಾಲಿ ಬಿದ್ದಿದ್ದ ಜಾಗವನ್ನು ಅಂಕಿ-ಅಂಶಗಳಿಗೆ ಉಪಯೋಗಿಸಿದರು. ಎ.ಡಿ.ಎಸ್.ಎಲ್. ಎಂಬ ಆ ತಂತ್ರಜ್ಞಾನದಿಂದ ಅದೇ ತಂತಿ 256 ಕಿಲೋಬಿಟ್ ಹೊತ್ತಿತು, 2 ಮೆಗಾಬಿಟ್ ಹೊತ್ತಿತು, ಎಕ್ಸ್‌ಚೇಂಜ್‌ಗೆ ಹತ್ತಿರದ ಮನೆಗಳಲ್ಲಿ 8 ಮೆಗಾಬಿಟ್ ಹೊರಲೂ ಸಮರ್ಥವಾಯಿತು. ಜೊತೆಗೆ ದೂರವಾಣಿಯಲ್ಲಿ ಮಾತನ್ನೂ ಆಡಬಹುದಾಗಿತ್ತು! ತಂತಿಯಲ್ಲಿ ಮೊದಲಿಂದಲೂ ಶಕ್ತಿಯಿತ್ತು, ಇಕ್ಕಟ್ಟಾಗಿದ್ದುದು ಬಾಗಿಲು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

ಬ್ರಾಡ್‌ಬ್ಯಾಂಡ್ ಎಂಬ ಶಬ್ದದ ಅರ್ಥವೂ ಕಾಲದೊಂದಿಗೆ ಬೆಳೆಯಿತು. 2004ರ ರಾಷ್ಟ್ರೀಯ ನೀತಿಯ ಪ್ರಕಾರ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದನ್ನು 512ಕ್ಕೂ, 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಿದರು. 700 ಮೆಗಾಬೈಟ್‌ನ ಒಂದು ಚಲನಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 56 ಕಿಲೋಬಿಟ್ ಮೋಡೆಮ್‌ನಲ್ಲಿ ಅದಕ್ಕೆ ಒಂದು ಲಕ್ಷ ಸೆಕೆಂಡು, ಎಂದರೆ ಇಪ್ಪತ್ತೇಳು ಮುಕ್ಕಾಲು ಗಂಟೆ. 2 ಮೆಗಾಬಿಟ್‌ನಲ್ಲಿ ನಲವತ್ತೇಳು ನಿಮಿಷ. 100 ಮೆಗಾಬಿಟ್ ಫೈಬರ್‌ನಲ್ಲಿ ಐವತ್ತಾರು ಸೆಕೆಂಡು. 2023ರ ಜೂನ್ 5ರಂದು ಉದ್ಘಾಟನೆಗೊಂಡ ಕೆ-ಫೋನ್ ಸೇರಿದಂತೆ ಗಾಜಿನ ಎಳೆಯ ಜಾಲಗಳು ಕೇರಳದ ಗ್ರಾಮಗಳನ್ನು ತಲಪಿವೆ. ಅಮೆರಿಕದ ಎ.ಓ.ಎಲ್. ಸಂಸ್ಥೆಯು 2025ರ ಸೆಪ್ಟೆಂಬರ್ 30ರಂದು ತನ್ನ ಡಯಲ್-ಅಪ್ ಸೇವೆಯನ್ನೇ ಮುಚ್ಚಿತು. ಆ ಕಿರುಚಾಟ ಇನ್ನು ನಮ್ಮಂಥ ಮುದುಕರ ಕಿವಿಯಲ್ಲಷ್ಟೇ.

ಇದರಲ್ಲಿ ಕನ್ನಡದ ಪಾಲೆಷ್ಟು? ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಆದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಒಬ್ಬರ ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಬ್ಬರಲ್ಲಿ ಕಾಣಬೇಕಾದರೆ ಅದೇ ಅಕ್ಷರಶೈಲಿ ಅಲ್ಲಿಯೂ ಇರಬೇಕಿತ್ತು. ಇಲ್ಲವಾದರೆ ಬರಹವನ್ನು ಚಿತ್ರವಾಗಿಸಿ ಕಳುಹಿಸಬೇಕಿತ್ತು. ಮೋಡೆಮ್‌ಗೆ ಭಾರವಾಗುತ್ತಿದ್ದುದು ಆ ಚಿತ್ರ, ಕನ್ನಡವಲ್ಲ. ಲೆಕ್ಕ ನೋಡಿ: ಇಂದಿನ ಬಳಕೆಯ ಯೂನಿಕೋಡ್ ಬರಹದಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್. ಒಂದು ಪುಟದಲ್ಲಿ 1,500 ಚಿಹ್ನೆಗಳಿದ್ದರೆ 4,500 ಬೈಟ್, ಎಂದರೆ 36,000 ಬಿಟ್. ಹಳೆಯ 28.8ರ ಮೋಡೆಮ್ ಕೂಡ ಅದನ್ನು ಒಂದೂಕಾಲು ಸೆಕೆಂಡಿನಲ್ಲಿ ಸಾಗಿಸಬಲ್ಲುದು. ಒಂದು ಪುಟ ಕನ್ನಡಕ್ಕೆ ತಂತಿ ಎಂದೂ ಇಕ್ಕಟ್ಟಾಗಿರಲಿಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಕನ್ನಡ ಪಠ್ಯಪುಸ್ತಕಗಳು ಜೂನ್ ತಿಂಗಳಲ್ಲಿ ಬರುತ್ತಿರಲಿಲ್ಲ. ಓಣಂ ರಜೆ ಸಮೀಪಿಸಿದ ಮೇಲೆ ಕಟ್ಟು ಬಂದ ವರ್ಷಗಳೂ ಇವೆ. ಹಿಂದಿನ ವರ್ಷದ ಮಕ್ಕಳಿಂದ ಹಳೆಯ ಪುಸ್ತಕ ಕೇಳಿ ಪಡೆದು, ಪಾಠವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸುತ್ತಿದ್ದೆವು. ಒಂದು ಲಾರಿಯಲ್ಲಿ ಎಷ್ಟು ಸಾವಿರ ಪುಸ್ತಕ ಹಿಡಿಸುತ್ತದೆ! ಆದರೆ ಲಾರಿ ಹೊರಡದಿದ್ದರೆ ಆ ಅಗಲದಿಂದ ಪ್ರಯೋಜನವೇನು? ಇಂದು ಕೇರಳದ 'ಸಮಗ್ರ' ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಗಳೂ ದೊರೆಯುತ್ತವೆ. 20 ಮೆಗಾಬೈಟ್‌ನ ಪುಸ್ತಕ 100 ಮೆಗಾಬಿಟ್ ವೇಗದಲ್ಲಿ ಎರಡು ಸೆಕೆಂಡಿನೊಳಗೆ ಇಳಿಯುತ್ತದೆ. ಮೂರು ತಿಂಗಳು ಕಾದ ಆ ಮಕ್ಕಳ ಮುಖಗಳನ್ನು ನೆನೆದರೆ, ವೇಗ ಎಂಬುದು ಶ್ರೀಮಂತರ ಆಟಿಕೆಯೆಂದು ನಾನು ಎಂದೂ ಹೇಳಲಾರೆ.

2020ರಲ್ಲಿ ಅದರ ಮಹತ್ವ ಎಲ್ಲರಿಗೂ ತಿಳಿಯಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿಯ ರಸ್ತೆ ಮುಚ್ಚಿತು. ಮದುವೆ, ಮುಂಜಿ, ಆಸ್ಪತ್ರೆ, ವ್ಯಾಪಾರಗಳಿಗೆಲ್ಲ ಮಂಗಳೂರನ್ನೇ ಅವಲಂಬಿಸಿದ್ದ ನಾವು ಗಡಿ ಎಂದರೇನೆಂದು ಹೊಸದಾಗಿ ಕಲಿತೆವು. ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ವಾಹಿನಿಯ ಮೂಲಕ 'ಫಸ್ಟ್ ಬೆಲ್' ತರಗತಿಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ಯೂಟ್ಯೂಬಿನಲ್ಲಿ ಬಂದವು. ನಮ್ಮ ಕಣಿವೆಯ ಮನೆಗಳಲ್ಲಿ ಮೊಬೈಲ್ ಸಂಕೇತ ಸಿಗುತ್ತಿರಲಿಲ್ಲ. ಮಕ್ಕಳು ಕೊಡೆ ಹಿಡಿದು ಗುಡ್ಡದ ತುದಿಯಲ್ಲಿ ಕುಳಿತು ಪಾಠ ಕೇಳಿದರು. ನನ್ನ ಮನೆಯಲ್ಲಿ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಇದ್ದುದರಿಂದ ನೆರೆಯ ನಾಲ್ಕು ಮಕ್ಕಳು ಚಾವಡಿಯಲ್ಲಿ ದೂರ ದೂರ ಕುಳಿತು ನೋಡುತ್ತಿದ್ದರು. ಸೆಕೆಂಡಿಗೆ 1 ಮೆಗಾಬಿಟ್‌ನಷ್ಟು ಬೇಡುವ ಅರ್ಧ ಗಂಟೆಯ ಪಾಠ ಹಳೆಯ 56ರ ಮೋಡೆಮ್‌ನಲ್ಲಿ ಇಳಿಯಲು ಸುಮಾರು ಒಂಬತ್ತು ಗಂಟೆ ಬೇಕಾಗುತ್ತಿತ್ತು. ಆ ಮಕ್ಕಳಲ್ಲಿ ಒಬ್ಬಳ ಮನೆಮಾತು ಮಲಯಾಳ, ಒಬ್ಬನದು ಬ್ಯಾರಿ, ಇಬ್ಬರದು ತುಳು. ನಾಲ್ವರೂ ಕನ್ನಡದಲ್ಲಿ ಭಿನ್ನರಾಶಿ ಕಲಿತರು. ಈ ಶಾಲೆಯ ಐವತ್ತು ವರ್ಷಗಳ ಸಾಧನೆಯನ್ನು ಒಂದೇ ವಾಕ್ಯದಲ್ಲಿ ಹೇಳೆಂದರೆ ನಾನು ಇದನ್ನೇ ಹೇಳುವೆನು.

ಆದರೆ ವೇಗದ ಕಥೆಗೆ ಇನ್ನೊಂದು ಮುಖವೂ ಇದೆ. ಅಜ್ಜನ ಮೂಗಿನ ಆ ಮಗು ಈಗ ಇಪ್ಪತ್ತಾರು ತುಂಬಿದ ತರುಣ, ವಿದೇಶದಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಭಾನುವಾರ ಅಜ್ಜಿಗೆ ವೀಡಿಯೋ ಕರೆ ಮಾಡುತ್ತಾನೆ. ಚಿತ್ರ ನಿಲ್ಲುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ, ಮುಖದ ಒಂದೊಂದು ರೋಮವೂ ಕಾಣುತ್ತದೆ. ಕೈ ಬೀಸುತ್ತಾನೆ, ನಗುತ್ತಾನೆ, ಅಜ್ಜಿಯೂ ನಗುತ್ತಾರೆ. ಅವನಿಗೆ ತುಳು ಬಾರದು, ಕನ್ನಡ ಬಾರದು. ಆಕೆಗೆ ಇಂಗ್ಲಿಷ್ ಬಾರದು. ಎರಡು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಅಂದು ಗುಡುಗು ತಂತಿಯನ್ನು ಕಡಿಯಿತು, ಮಳೆ ನಿಂತ ಮೇಲೆ ಮತ್ತೆ ಕೂಡಿತು. ಇಂದು ಕಡಿದಿರುವುದನ್ನು ಕೂಡಿಸುವ ಯಂತ್ರ ಯಾವ ಅಂಗಡಿಯಲ್ಲೂ ಇಲ್ಲ. ಆ ಹುಡುಗನನ್ನಾಗಲಿ ಅವನ ತಂದೆಯನ್ನಾಗಲಿ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಹೊಟ್ಟೆಪಾಡು ಮನುಷ್ಯನನ್ನು ಎಲ್ಲಿಗೋ ಒಯ್ಯುತ್ತದೆ. ದಂಬೆಯನ್ನು ಎಷ್ಟು ಅಗಲ ಮಾಡಿದರೂ ಸುರಂಗದಲ್ಲಿ ಒಸರು ಇಲ್ಲದಿದ್ದರೆ ಕೆರೆ ತುಂಬುವುದಿಲ್ಲ ಎಂಬುದಷ್ಟೇ ನನ್ನ ಮಾತು. ಅಗಲವನ್ನು ಸರಕಾರವೋ ಸಂಸ್ಥೆಯೋ ಹೊರಗಿನಿಂದ ತಂದುಕೊಡಬಹುದು. ಒಸರು ಮನೆಯಿಂದಲೂ ಶಾಲೆಯಿಂದಲೂ ಬರಬೇಕು.

ಒಂದು ಕಾಲದಲ್ಲಿ ಒಂದನೆಯ ತರಗತಿಗೆ ಎರಡು ವಿಭಾಗ ಮಾಡಿಯೂ ಬೆಂಚು ಸಾಲದೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದ ಶಾಲೆ ಇದು. ಈಗ ಪ್ರತಿ ಮೇ ತಿಂಗಳಲ್ಲಿ ಅಧ್ಯಾಪಕರು ಮನೆಮನೆಗೆ ಹೋಗಿ ಮಕ್ಕಳನ್ನು ಕೇಳಬೇಕಾಗಿದೆ. ಹೆತ್ತವರ ಉತ್ತರ ಎಲ್ಲ ಕಡೆ ಒಂದೇ: "ಕನ್ನಡದಲ್ಲಿ ಕಲಿತರೆ ಮುಂದೆ ಎಷ್ಟು ದೂರ ಹೋದಾರು ಮಾಸ್ಟ್ರೇ?" ಅವರಿಗೆ ನಾನು ಆ ತಾಮ್ರದ ತಂತಿಯ ಕಥೆಯನ್ನೇ ಹೇಳುತ್ತೇನೆ. 56ಕ್ಕಿಂತ ಹೆಚ್ಚು ಹೊರಲಾರದೆಂದು ಜನ ತೀರ್ಮಾನಿಸಿದ್ದ ತಂತಿ, ಬಾಗಿಲು ತೆರೆದಾಗ ಅದರ ನೂರಕ್ಕೂ ಹೆಚ್ಚು ಪಟ್ಟು ಹೊತ್ತಿತು. ಕನ್ನಡದಲ್ಲಿ ಕಲಿತ ಮಗುವಿನ ಬುದ್ಧಿ ಇಕ್ಕಟ್ಟಾದುದಲ್ಲ. ಅದಕ್ಕೆ ಸಕಾಲದಲ್ಲಿ ಪುಸ್ತಕ, ಕನ್ನಡ ಬಲ್ಲ ಅಧ್ಯಾಪಕ, ಒಳ್ಳೆಯ ಇಂಗ್ಲಿಷ್ ಪಾಠ, ಮುಂದೆ ಕಲಿಯಲು ಅವಕಾಶ, ಇಷ್ಟನ್ನು ಕೊಡಿ, ಆಮೇಲೆ ಅಳೆಯಿರಿ. ಈ ಸಂಚಿಕೆಯಲ್ಲಿ ಲೇಖನ ಬರೆದ ವೈದ್ಯರು, ವಕೀಲರು, ಕೃಷಿಕರು, ಇಂಜಿನಿಯರರು ಎಲ್ಲರೂ ಇದೇ ತಂತಿಯವರು.

ದೂರದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಎರಡು. ಮೊದಲನೆಯದು, ನಿಮ್ಮ ಮನೆಯ ಹಿರಿಯರು ಇರುವಾಗಲೇ ಅವರ ಮಾತು, ಹಾಡು, ಗಾದೆ, ಕೃಷಿಯ ಶಬ್ದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಶಾಲೆಯ ಗ್ರಂಥಾಲಯಕ್ಕೆ ಕಳುಹಿಸಿ. ಕಳುಹಿಸಲು ಈಗ ಕ್ಷಣ ಸಾಕು. ಎರಡನೆಯದು, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನಿಮ್ಮ ಮಕ್ಕಳನ್ನು ಇಲ್ಲಿನ ಮಕ್ಕಳೊಡನೆ ವೀಡಿಯೋದಲ್ಲಿ ಕನ್ನಡದಲ್ಲಿ ಮಾತನಾಡಿಸಿ. ಅಧ್ಯಾಪಕರು ಅದಕ್ಕೆ ಸಿದ್ಧರಿದ್ದಾರೆ. ಶಾಲೆಗೆ ಫೈಬರ್ ಸಂಪರ್ಕವೂ ಬಂದಿದೆ. ಮೊದಮೊದಲು ನಿಮ್ಮ ಮಕ್ಕಳು ತಡವರಿಸಿಯಾರು. ವೇಗದ ಮೋಡೆಮ್ ನಿಧಾನದ್ದಕ್ಕಾಗಿ ಕಾದಂತೆ ಇಲ್ಲಿನ ಮಕ್ಕಳು ಅವರಿಗಾಗಿ ಕಾಯುವರು.

ಶಾಲೆಯನ್ನು ಕಟ್ಟಿ ಬೆಳೆಸಿದ ಎಲ್ಲ ಹಿರಿಯರಿಗೆ ತಲೆಬಾಗುತ್ತ, ಇದರ ಶತಮಾನೋತ್ಸವದ ಸಂಚಿಕೆಯಲ್ಲಿ ಇಂದು ಒಂದನೆಯ ತರಗತಿಯಲ್ಲಿರುವ ಮಗುವೊಂದು ಕನ್ನಡದಲ್ಲಿ ಲೇಖನ ಬರೆಯುವಂತಾಗಲಿ, ಅದನ್ನು ಓದುವವರೂ ಊರಿನಲ್ಲಿ ತುಂಬಿರಲಿ ಎಂದು ಹೃತ್ಪೂರ್ವಕವಾಗಿ ಹಾರೈಸಿ ಲೇಖನಿಯನ್ನು ಕೆಳಗಿಡುತ್ತೇನೆ.